ದುಭಾಷಿ ನುಂಗಿದ ಮಾತು

ಬಂದರಿನ ಹಿಂದಿನ ಬೀದಿಯಲ್ಲಿ ಸೂಜಕ್ಕನ ಅಂಗಡಿ ಯಾವುದು ಅಂತ ಕೇಳಿದರೆ ಬೆಕ್ಕು ಕೂಡ ದಾರಿ ತೋರಿಸೀತು. ಬಾಗಿಲ ಮುಂದೆ ಕರಿಯ ರಬ್ಬರ್ ಅಂಗಿಗಳು ಮನುಷ್ಯರ ಹಾಗೆ ತೂಗಾಡುತ್ತಿರುತ್ತವೆ. ಸಮುದ್ರದಲ್ಲಿ ಮುಳುಗು ಹಾಕುವವರ ಅಂಗಿಗಳವು. ಮೊಣಕಾಲಲ್ಲಿ ಹರಿದದ್ದು, ಜಿಪ್ ಕಿತ್ತದ್ದು, ಯಜಮಾನರ ಹೊಟ್ಟೆ ಬೆಳೆದು ಸೊಂಟದಲ್ಲಿ ಬಿರಿದದ್ದು, ಎಲ್ಲ ಬರುವುದು ಇವಳ ಹತ್ತಿರವೇ. ವರ್ಷಗಟ್ಟಲೆ ಅವನ್ನು ಹೊಲಿದೂ ಹೊಲಿದೂ, ಈ ಜನ ನೀರೊಳಗೆ ಹೋಗಿ ಮಾಡುವುದಾದರೂ ಏನು ಎಂಬ ಕುತೂಹಲ ತಡೆಯಲಾರದೆ, ಐವತ್ತರ ಅಂಚಿನಲ್ಲಿ ಸೂಜಕ್ಕ ತಾನೂ ಸ್ಕೂಬಾ ಕಲಿತೇಬಿಟ್ಟಳು. ಗಂಡ ಬೇಡ ಅಂದ. ಗಂಡ ಬೇಡ ಅಂದದ್ದನ್ನೆಲ್ಲ ಬಿಡುತ್ತ ಹೋಗಿದ್ದರೆ ಆ ಅಂಗಡಿಯೂ ಇರುತ್ತಿರಲಿಲ್ಲ, ಬಿಡಿ.

ಸೂಜಕ್ಕನ ಬಾಳಿನಲ್ಲಿ ಕೊರತೆ ಅಂತ ಇದ್ದದ್ದು ಒಂದೇ. ನಾದಿನಿ ಅವಳೊಡನೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ನಾದಿನಿ ಅಂದರೆ ಪುಟ್ಟಿ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಊರಿನವರ ರಕ್ತ ಹೀರುವವಳು ಎಂದು ಅಣ್ಣ ಗೇಲಿ ಮಾಡುತ್ತಾನೆ. ಮೂವತ್ತು ದಾಟಿದರೂ ಮನೆಯವರಿಗೆ ಪುಟ್ಟಿಯೇ. ಸೂಜಕ್ಕ ಮದುವೆಯಾಗಿ ಬಂದಾಗ ಅವಳು ಎರಡು ಜಡೆಯ ಹುಡುಗಿ, ಅತ್ತಿಗೆಯ ಹೊಲಿಗೆ ಮಿಷನ್ನಿನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು ಮಗ್ಗಿ ಬಾಯಿಪಾಠ ಮಾಡಿದವಳು. ಅತ್ತೆ ಕೊನೆಯ ಸಲ ಆಸ್ಪತ್ರೆ ಸೇರಿದಾಗ ಪುಟ್ಟಿ ದೂರದ ಊರಿನಲ್ಲಿ ಪರೀಕ್ಷೆ ಬರೆಯುತ್ತಿದ್ದಳು. "ಮುಗಿಯೋ ತನಕ ಅವಳಿಗೆ ಹೇಳ್ಬೇಡ" ಎಂದು ಅತ್ತೆ ಸೂಜಕ್ಕನ ಕೈ ಹಿಡಿದು ಮಾತು ತೆಗೆದುಕೊಂಡಳು. ಸೂಜಕ್ಕ ಕೊಟ್ಟ ಮಾತು ಉಳಿಸಿಕೊಂಡಳು. ಪುಟ್ಟಿ ಬರುವಷ್ಟರಲ್ಲಿ ಅಮ್ಮ ಹೋಗಿಬಿಟ್ಟಿದ್ದಳು.

ಬಂದವಳು ಕೂಗಾಡುತ್ತಾಳೆ, ಬೈಯುತ್ತಾಳೆ ಎಂದು ಸೂಜಕ್ಕ ಕಾದಳು. ಬೈಸಿಕೊಳ್ಳಲು ತಯಾರಾಗಿಯೇ ಕೂತಿದ್ದಳು. ಪುಟ್ಟಿ ಬೈಯಲಿಲ್ಲ, ಬಾಯಿಗೆ ಬೀಗ ಹಾಕಿಕೊಂಡಳು. ಎದುರು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದುಕೊಂಡು, ದಿನಾ ಅಣ್ಣನನ್ನು ನೋಡಲು ಬಂದು, ಅತ್ತಿಗೆ ಕೊಟ್ಟ ಚಹಾ ಕುಡಿದು, "ಅಣ್ಣಾ, ಸಕ್ಕರೆ ಕಮ್ಮಿ ಅಂತ ಹೇಳು" ಎಂದು ಎದ್ದು ಹೋಗುವಳು. ಒಂದು ಮಾರು ದೂರದಲ್ಲಿ ನಿಂತ ಇಬ್ಬರ ನಡುವೆ ಮಾತು ಹೊತ್ತೂ ಹೊತ್ತೂ ಸೂಜಕ್ಕನ ಗಂಡನಿಗೆ ಬೀದಿಯವರು ದುಭಾಷಿ ಎಂದೇ ಹೆಸರಿಟ್ಟರು. ಶಾಲೆಯ ವ್ಯಾನ್ ಓಡಿಸುವ ಸಾಧುಪ್ರಾಣಿ ಅವನು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಪೈಕಿ. ಹೆಂಡತಿಯ ಮಾತಿನ ಖಾರ ತೆಗೆದು ತಂಗಿಗೆ, ತಂಗಿಯ ಮಾತಿಗೆ ಬೆಲ್ಲ ಬೆರೆಸಿ ಹೆಂಡತಿಗೆ ಬಡಿಸುತ್ತಿದ್ದ.

ಇಂಥ ಅತ್ತಿಗೆ ನಾದಿನಿಯರನ್ನು ಹವಳದ ದಿಬ್ಬಕ್ಕೆ ಇಳಿಯಲು ಜೋಡಿ ಮಾಡಿದವಳು ದೋಣಿಯಮ್ಮ. ಮುಳುಗುವವರನ್ನು ಕರೆದೊಯ್ಯುವ ದೋಣಿ ಅವಳದು, ಕಲಿಸುವವಳೂ ಅವಳೇ. ಪುಟ್ಟಿಯೂ ಆ ವರ್ಷವೇ ಕಲಿತಿದ್ದಳು. ಅತ್ತಿಗೆ ಕಲಿತ ಮೇಲೆ ತಾನು ಬಿಟ್ಟಾಳೆಯೇ? ನೀರೊಳಗೆ ಒಂಟಿಯಾಗಿ ಇಳಿಯುವಂತಿಲ್ಲ, ಜೋಡಿ ಬೇಕೇಬೇಕು. ಉಳಿದವರೆಲ್ಲ ಆಗಲೇ ಜೋಡಿ ಕಟ್ಟಿಕೊಂಡಿದ್ದರು.

"ನೀವಿಬ್ರೂ ಒಂದು ಜೋಡಿ" ಎಂದಳು ದೋಣಿಯಮ್ಮ. "ಆಗಲ್ಲ ಅಂದ್ರೆ ದಡದಲ್ಲಿ ಕೂತು ಅಲೆ ಎಣಿಸಿ. ಭಾನುವಾರದೊಳಗೆ ಪ್ಲಾನ್ ಮಾಡ್ಕೊಂಡು ಬನ್ನಿ. ಎಷ್ಟು ಆಳ, ಯಾವ ದಾರಿ, ಗಾಳಿ ಎಷ್ಟಕ್ಕೆ ಬಂದ್ರೆ ವಾಪಸ್ಸು, ಎಲ್ಲಾ ಇಬ್ಬರಿಗೂ ಬಾಯಲ್ಲಿರ್ಬೇಕು."

ಸೂಜಕ್ಕನಿಗೆ ಹೊಟ್ಟೆಗೆ ಹಾಲು ಹುಯ್ದಂತಾಯಿತು. ಪ್ಲಾನ್ ಮಾಡಬೇಕೆಂದರೆ ಮಾತಾಡಲೇಬೇಕಲ್ಲ! ಅವಳಿಗೆ ಬೇಕಾಗಿದ್ದದ್ದು ಹವಳವೂ ಅಲ್ಲ, ಬಣ್ಣದ ಮೀನೂ ಅಲ್ಲ. ಪುಟ್ಟಿಯ ಬಾಯಿಂದ ನೇರವಾಗಿ ಒಂದು ಮಾತು, ಬೈಗುಳವಾದರೂ ಸರಿ. ಈ ಸಲ ತಪ್ಪಿದರೆ ಮುಗಿಯಿತು, ಯಾಕೆಂದರೆ ಪುಟ್ಟಿಗೆ ಬೇರೆ ಊರಿನ ಆಸ್ಪತ್ರೆಗೆ ವರ್ಗವಾಗುವ ಸುದ್ದಿಯಿತ್ತು. ಅಷ್ಟು ದೂರ ಹೋದ ಮೇಲೆ ಈ ಸಕ್ಕರೆ ಕಮ್ಮಿಯ ಸಂಬಂಧವೂ ಉಳಿಯುತ್ತಿರಲಿಲ್ಲ.

ಶನಿವಾರ ಸಂಜೆ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕಂದು ಕಾಗದ ಹಾಸಿ ಸೂಜಕ್ಕ ಸೀಮೆಸುಣ್ಣದಲ್ಲಿ ದಿಬ್ಬದ ಚಿತ್ರ ಬರೆದಳು. ಎಷ್ಟಾದರೂ ದರ್ಜಿಯ ಕೈ. ಬೇಡ ಬೇಡವೆಂದರೂ ದಿಬ್ಬ ಅಂಗಿಯ ತೋಳಿನ ಹಾಗೇ ಬಂತು, ಕಂಕುಳ ಸಮೇತ. ದೋಣಿಗೆ ಒಂದು ಕೋಟಿನ ಗುಂಡಿ, ಲಂಗರಿನ ಹಗ್ಗಕ್ಕೆ ನೀಲಿ ದಾರ, ದಿಬ್ಬದ ಕೊನೆಯಲ್ಲಿ ಚಾಚಿಕೊಂಡ ಬಂಡೆಗೆ ದಾರದ ಉಂಡೆ. ಆ ಬಂಡೆಯ ಅಡಿಯಲ್ಲಿ ಮುದಿ ಆಮೆಯೊಂದು ಮಲಗಿರುತ್ತದೆಂದು ದೋಣಿಯಮ್ಮ ಹೇಳಿದ್ದಳು. ಮೇಜಿನ ಈಚೆ ಅತ್ತಿಗೆ, ಆಚೆ ನಾದಿನಿ, ನಡುವೆ ಅಡಕತ್ತರಿಗೆ ಸಿಕ್ಕ ಅಡಿಕೆಯ ಹಾಗೆ ದುಭಾಷಿ. ಕಿವಿಗೆ ಬಿದ್ದ ಮಾತೂ ಅವನ ಬಾಯಿಂದ ಬಂದರೇ ಲೆಕ್ಕ.

"ನಿಮ್ಮ ತಂಗಿಗೆ ಹೇಳಿ, ಹೋಗುವಾಗ ನೀರಿನ ಸೆಳೆತಕ್ಕೆ ಎದುರಾಗಿ ಹೋಗೋಣ. ಬರುವಾಗ ಅದೇ ತಳ್ಕೊಂಡು ಬರುತ್ತೆ."

"ನಂಗೂ ಪಾಠ ಗೊತ್ತು ಅಂತ ಹೇಳು ಅಣ್ಣ."

"ಒಳ್ಳೇ ಐಡಿಯಾ ಅಂತಿದಾಳೆ" ಎಂದ ದುಭಾಷಿ.

"ಆಳ ಹನ್ನೆರಡು ಮೀಟರ್ ಸಾಕು. ಒಬ್ಬರಿಗೊಬ್ಬರು ಕಾಣ್ದೆ ಹೋದ್ರೆ ಒಂದು ನಿಮಿಷ ಹುಡುಕಿ ಮೇಲೆ ಬರೋದು."

"ನಾನ್ಯಾಕೆ ಕಳೆದುಹೋಗ್ಲಿ? ಕಾಣದೆ ಹೋಗೋದು, ಹೇಳದೆ ಇರೋದು, ಅದೆಲ್ಲ ನನ್ನ ಅಭ್ಯಾಸ ಅಲ್ಲ ಅಂತ ಹೇಳು."

ದುಭಾಷಿ ಕೆಮ್ಮಿದ. ಅಷ್ಟರಲ್ಲಿ ಅಂಗಡಿಯ ಮುಂಭಾಗದಲ್ಲಿ ಯಾರೋ ಜಿಪ್ಪಿಗೆ ಸಿಕ್ಕಿಕೊಂಡು ಕೂಗಿದರು. "ಉಸಿರು ಒಳಗೆಳ್ಕೊಳ್ಳಿ, ಬಂದೆ!" ಎನ್ನುತ್ತ ಸೂಜಕ್ಕ ಕತ್ತರಿ ಹಿಡಿದು ಓಡಿದಳು.

ಅವಳು ಆಚೆ ಹೋದದ್ದೇ ತಡ, ಪುಟ್ಟಿ ಅಣ್ಣನ ತೋಳು ಹಿಡಿದು ದನಿ ತಗ್ಗಿಸಿದಳು. "ಇದು ಮುಖ್ಯ, ಸರಿಯಾಗಿ ಕೇಳ್ಕೋ. ಸಿಲಿಂಡರ್ ತುಂಬಿದಾಗ ಗೇಜಿನ ಮುಳ್ಳು ಇನ್ನೂರರ ಮೇಲಿರುತ್ತೆ. ಐವತ್ತಕ್ಕೆ ಬರೋದ್ರೊಳಗೆ ದೋಣಿ ಹತ್ತಿರ್ಬೇಕು. ಎಲ್ಲರೂ ನೂರಕ್ಕೆ ಹಿಂದಕ್ಕೆ ತಿರುಗ್ತಾರೆ. ಆದ್ರೆ ಅತ್ತಿಗೆಗೆ ಗಾಳಿ ಬೇಗ ಖರ್ಚಾಗುತ್ತೆ, ಕಲಿಯುವಾಗ್ಲೇ ನೋಡಿದೀನಿ. ಅವರ ಮುಳ್ಳು ನೂರಿಪ್ಪತ್ತಕ್ಕೆ ಬಂದ ತಕ್ಷಣ ನಂಗೆ ತೋರಿಸ್ಬೇಕು, ಇಬ್ರೂ ತಿರುಗೋದು. ಮರೀದೆ ಹೇಳು." ಹೇಳಿದವಳೇ ಚಪ್ಪಲಿ ಮೆಟ್ಟಿ ಹೊರಟಳು.

ದುಭಾಷಿಗೆ ಫಜೀತಿಗಿಟ್ಟುಕೊಂಡಿತು. ಮೆಟ್ಟಿಲು ಹತ್ತಿದರೆ ಏದುಸಿರು ಬಿಡ್ತೀಯಲ್ಲೇ ಎಂದು ಹಿಂದೊಮ್ಮೆ ತಾನಂದದ್ದಕ್ಕೇ ಹೆಂಡತಿ ವಾರವಿಡೀ ಮುಖ ಊದಿಸಿಕೊಂಡಿದ್ದಳು. ಈಗ ನಾದಿನಿಯೇ ಹಾಗಂದಳೆಂದು ತಿಳಿದರೆ ಮುಗಿದೇಹೋಯಿತು! ನೂರಾದರೇನು, ನೂರಿಪ್ಪತ್ತಾದರೇನು, ಮನೆ ಒಡೆಯದಿದ್ದರೆ ಸಾಕು. ಸೂಜಕ್ಕ ಬಂದು "ಏನಂದ್ಲು?" ಎಂದಾಗ, "ನೂರಕ್ಕೆ ತಿರುಗೋದಂತೆ, ಎಲ್ಲರ ಹಾಗೆ" ಎಂದುಬಿಟ್ಟ. ಮಹಾನುಭಾವ!

ಭಾನುವಾರ ಸಮುದ್ರ ತಟ್ಟೆಯ ಹಾಗೆ ಸಮತಟ್ಟಾಗಿತ್ತು. ಆದರೂ ದುಭಾಷಿಗೆ ದೋಣಿ ಹತ್ತಿದ ಕೂಡಲೇ ಹೊಟ್ಟೆ ತೊಳಸತೊಡಗಿತು. ಅವನಿಲ್ಲದೆ ಆ ಇಬ್ಬರನ್ನು ಕಳಿಸುವ ಹಾಗಿಲ್ಲವಲ್ಲ, ಅದಕ್ಕೆ ಬಂದಿದ್ದ. ಇಳಿಯುವ ಮೊದಲು ಜೋಡಿಯವರು ಒಬ್ಬರ ಪಟ್ಟಿ, ಬಕಲ್, ಕೊಳವೆಗಳನ್ನು ಇನ್ನೊಬ್ಬರು ಮುಟ್ಟಿ ನೋಡಬೇಕು. ಪುಟ್ಟಿ ಸೂಜಕ್ಕನ ಹೆಗಲ ಪಟ್ಟಿಯನ್ನು ಎರಡು ಸಲ ಎಳೆದು ಬಿಗಿ ಮಾಡಿದಳು. ಎರಡು ವರ್ಷದ ಮೇಲೆ ಆ ಕೈ ತನ್ನನ್ನು ಮುಟ್ಟಿತಲ್ಲ ಎಂದು ಸೂಜಕ್ಕ ಸರಿಯಿದ್ದ ಇನ್ನೊಂದು ಹೆಗಲನ್ನೂ ಮುಂದೊಡ್ಡಿದಳು.

"ಪ್ಲಾನ್ ಒಬ್ಬರಿಗೊಬ್ಬರು ಬಾಯಿಬಿಟ್ಟು ಹೇಳ್ಕೊಂಡ್ರಾ?" ಎಂದು ದೋಣಿಯಮ್ಮ ಎಂಜಿನ್ ಬಳಿಯಿಂದ ಕೂಗಿದಳು. ಮಾತು ಬಿಟ್ಟವರು ಹೇಳಿಕೊಳ್ಳುವುದು ಹೇಗೆ? ಇಬ್ಬರೂ ಜಾಣೆಯರ ಹಾಗೆ ತಲೆಯಾಡಿಸಿದರು.

ನೀರೊಳಗೆ ಮಾತ್ರ ಆ ಇಬ್ಬರನ್ನು ನೋಡಬೇಕಿತ್ತು! ಅಲ್ಲಿ ಯಾರೂ ಮಾತಾಡುವಂತಿಲ್ಲವಾದ್ದರಿಂದ ಮಾತು ಬಿಟ್ಟವರೂ ಒಂದೇ, ಬಿಡದವರೂ ಒಂದೇ. ನೀರು ಸ್ನಾನಕ್ಕೆ ಹದ ಮಾಡಿದಷ್ಟು ಬೆಚ್ಚಗಿತ್ತು. ಪುಟ್ಟಿ ಬೆರಳು ತೋರಿದ ಕಡೆ ಸೂಜಕ್ಕ ನೋಡುವಳು, ಸೂಜಕ್ಕ ಕೈ ಎತ್ತಿದರೆ ಪುಟ್ಟಿ ತಿರುಗುವಳು. ಗಿಳಿಬಣ್ಣದ ದಪ್ಪ ಮೀನೊಂದು ಹವಳವನ್ನು ಕಟಕಟ ಕಡಿಯುವ ಸದ್ದು ಕೇಳಿಸುತ್ತಿತ್ತು. ಹಳದಿ ಪಟ್ಟೆಯ ಮೀನುಗಳನ್ನು ನೋಡಿದ ಸೂಜಕ್ಕನಿಗೆ ಅಸೂಯೆಯೇ ಆಯಿತು. ಮೈಯ ಪಟ್ಟೆ ರೆಕ್ಕೆಯ ಪಟ್ಟೆಗೆ ಒಂದು ನೂಲೂ ಅತ್ತಿತ್ತಾಗದಂತೆ ಕೂಡಿತ್ತು, ತನ್ನ ಕೈಲಿ ಒಂದು ಅಂಗಿಗೂ ಹಾಗೆ ಬಂದಿರಲಿಲ್ಲ.

ಚಾಚುಬಂಡೆಯ ಅಡಿಯಲ್ಲಿ ಆಮೆ ಇತ್ತು. ಮನೆಯ ಹಿರಿಯರ ಹಾಗೆ ಒಂದು ಕಣ್ಣು ತೆರೆದು, ಯಾರು ಬಂದರೆಂದು ನೋಡಿ, ಮತ್ತೆ ಮುಚ್ಚಿಕೊಂಡಿತು. ಪುಟ್ಟಿ ಸದ್ದಿಲ್ಲದೆ ಚಪ್ಪಾಳೆ ತಟ್ಟಿದಳು, ಎರಡು ಜಡೆಯ ಹುಡುಗಿ ತಟ್ಟುತ್ತಿದ್ದ ಹಾಗೆಯೇ. ಸೂಜಕ್ಕ ತನ್ನ ಗೇಜಿನತ್ತ ಕಣ್ಣು ಹಾಯಿಸಿದಳು. ಮುಳ್ಳು ನೂರಕ್ಕೆ ಬಂದಿತ್ತು. ತೋರಿಸಬೇಕಿತ್ತು. ಆದರೆ ಪುಟ್ಟಿಯ ಮುಖದಲ್ಲಿ ಇಂಥ ಖುಷಿ ನೋಡಿ ಎಷ್ಟು ಕಾಲವಾಗಿತ್ತು! ಇನ್ನೊಂದು ನಿಮಿಷ ನೋಡಲಿ, ಪಾಪ, ಅಂದುಕೊಂಡಳು. ಆಮೇಲೆ ಇನ್ನೊಂದು, ಮತ್ತೊಂದು, ಹೀಗೆ ಹತ್ತು ನಿಮಿಷ ಕಳೆದದ್ದೇ ತಿಳಿಯಲಿಲ್ಲ. ಪುಟ್ಟಿ ತಿರುಗಿ, ಎಲ್ಲ ಸರಿಯೇ ಎಂದು ಕೈಯಲ್ಲಿ ಕೇಳಿದಾಗ, ಸರಿ ಎಂದು ಬೆರಳು ಕೂಡಿಸಿ ತೋರಿಸಿದಳು.

ಪುಟ್ಟಿ ಲ್ಯಾಬಿನವಳು, ಹೇಳಿಕೆ ನಂಬಿ ರಿಪೋರ್ಟ್ ಕೊಡುವವಳಲ್ಲ. ಹತ್ತಿರ ಬಂದು ಅತ್ತಿಗೆಯ ಗೇಜನ್ನು ಕೈಗೆತ್ತಿಕೊಂಡು ನೋಡಿದಳು. ಅರವತ್ತು. ಮುಖಕ್ಕೆ ಕಟ್ಟಿದ ಕನ್ನಡಿಯ ಹಿಂದೆ ಅವಳ ಕಣ್ಣುಗಳು ಅಗಲವಾದವು. ಮರುಕ್ಷಣ ತನ್ನ ಬಳಿಯಿದ್ದ ಎರಡನೆಯ ಉಸಿರುಕೊಳವೆಯನ್ನು ಅತ್ತಿಗೆಯ ಬಾಯಿಗಿಟ್ಟು, ತೋಳಿಗೆ ತೋಳು ಕೊಂಡಿ ಹಾಕಿ, ಅಲ್ಲಿಂದಲೇ ಮೆಲ್ಲಗೆ ಮೇಲೆ ಹೊರಟಳು. ದಾರಿಯಲ್ಲಿ ಐದು ಮೀಟರಿನ ಹತ್ತಿರ ಮೂರು ನಿಮಿಷ ನಿಲ್ಲಬೇಕು, ಅದು ಮುಳುಗುವವರ ನಿಯಮ. ಒಂದೇ ಸಿಲಿಂಡರಿನ ಗಾಳಿ ಕುಡಿಯುತ್ತ, ಮುಖಕ್ಕೆ ಮುಖ ಕೊಟ್ಟು, ಕೈ ಬಿಡದೆ ಇಬ್ಬರೂ ತೇಲಿದರು. ಮಾತು ಬೆಳ್ಳಿ, ಮೌನ ಬಂಗಾರ ಅಂದವನನ್ನು ಆ ಮೂರು ನಿಮಿಷ ಅಲ್ಲಿ ನೇತುಹಾಕಬೇಕಿತ್ತು.

ದೋಣಿ ಹತ್ತಿದ್ದೇ ತಡ, ಪುಟ್ಟಿ ಮುಖದ ಕನ್ನಡಿ ಕಿತ್ತೆಸೆದಳು.

"ಯಾಕೆ ತೋರಿಸ್ಲಿಲ್ಲ? ನೂರಿಪ್ಪತ್ತಕ್ಕೆ ತೋರಿಸ್ಬೇಕು ಅಂತ ಹೇಳಿ ಕಳಿಸಿರ್ಲಿಲ್ವಾ ನಾನು?"

"ನೂರಿಪ್ಪತ್ತಾ? ಇವರು ನೂರು ಅಂದ್ರಲ್ಲೇ!"

ಇಬ್ಬರೂ ತಿರುಗಿದರು. ದೋಣಿಯ ಅಂಚಿಗೆ ಜೋತುಬಿದ್ದು ವಾಂತಿ ಮಾಡುತ್ತಿದ್ದ ದುಭಾಷಿ ತಲೆಯೆತ್ತದೆ, "ಗಾಳಿ ಜಾಸ್ತಿ ಖರ್ಚಾಗುತ್ತೆ ಅಂದ್ರೆ ಬೇಜಾರಾಗುತ್ತೆ ಅಂತ ನಾನೇ ನುಂಗ್ಬಿಟ್ಟೆ" ಎಂದ.

"ಸರಿ, ನೂರು ಅಂತಾನೇ ಇಟ್ಕೊಳ್ಳಿ. ನೂರಕ್ಕಾದ್ರೂ ತೋರಿಸಿದ್ರಾ ಅತ್ತಿಗೆ?"

"ನೀನು ಅಷ್ಟು ಖುಷಿಯಾಗಿ ಆಮೆ ನೋಡ್ತಿದ್ದೆ. ಹಾಳು ಮಾಡ್ಬಾರ್ದು ಅಂತ…"

"ಆವತ್ತೂ ಇದೇ!" ಪುಟ್ಟಿಯ ದನಿ ಒಡೆಯಿತು. "ಪರೀಕ್ಷೆ ಹಾಳಾಗ್ಬಾರ್ದು ಅಂತ! ಯಾರಿಗೆ ಬೇಕಿತ್ತು ಆ ಹಾಳು ಪರೀಕ್ಷೆ? ನಂಗೆ ಅಮ್ಮನ್ನ ನೋಡ್ಬೇಕಿತ್ತು! ನೀವೆಲ್ಲ ಹೀಗೇ, ಒಳ್ಳೇದಕ್ಕೆ ಅಂತ ಬಾಯಿ ಮುಚ್ಕೊಂಡು ಕೂರ್ತೀರಿ, ಉಸಿರು ಕಟ್ಟೋದು ಮಾತ್ರ ನಂಗೆ. ಇವತ್ತು ನಿಮಗೇನಾದ್ರೂ ಆಗಿದ್ರೆ ನಂಗ್ಯಾರಿದಾರೆ ಅತ್ತಿಗೆ?"

ಎರಡು ವರ್ಷದ ಬಾಕಿಯನ್ನು ಪುಟ್ಟಿ ಒಂದೇ ಸಲ ತೀರಿಸಿದಳು. ದೋಣಿ ಬಂದರು ಮುಟ್ಟುವ ತನಕ ಬೈದಳು, ಅತ್ತಳು, ಮೂಗೊರೆಸಿಕೊಂಡು ಮತ್ತೆ ಬೈದಳು. ಸೂಜಕ್ಕ "ತಪ್ಪಾಯ್ತು ಕಣೇ, ಆವತ್ತಿಂದೂ ತಪ್ಪು, ಇವತ್ತಿಂದೂ ತಪ್ಪು" ಎಂದು ಅಳುತ್ತಿದ್ದಳು. ಅಳುತ್ತಲೇ ಅವಳ ಮುಖದ ತುಂಬ ನಗು ಹರಡಿತ್ತು.

"ನಗ್ತೀರಾ ಬೇರೆ!" ಎಂದು ಪುಟ್ಟಿ ಅದಕ್ಕೂ ಬೈದಳು.

ಮುಂದಿನ ವಾರ ಇಬ್ಬರೂ ಪ್ಲಾನನ್ನು ತನ್ನೆದುರು ಗಟ್ಟಿಯಾಗಿ ಒಪ್ಪಿಸದ ಹೊರತು ನೀರು ಮುಟ್ಟುವಂತಿಲ್ಲ ಎಂದು ದೋಣಿಯಮ್ಮ ಖಡಾಖಂಡಿತವಾಗಿ ಹೇಳಿದಳು. ಹಾಗಾಗಿ ಶನಿವಾರ ಮತ್ತೆ ಅದೇ ಮೇಜು, ಅದೇ ಕಂದು ಕಾಗದ, ಅದೇ ಕೋಟಿನ ಗುಂಡಿ. ದುಭಾಷಿ ಕೆಲಸ ಕಳೆದುಕೊಂಡು ಮೂಲೆಯಲ್ಲಿ ಚಹಾ ಕುದಿಸುತ್ತಿದ್ದ. ಇಬ್ಬರ ಮಾತಿನ ಮಧ್ಯೆ ಸಕ್ಕರೆ ಎಷ್ಟೆಂದು ಕೇಳಲು ಅವನಿಗೆ ಸಂದು ಸಿಗಲಿಲ್ಲ.

ಸೂಜಕ್ಕ ಸೀಮೆಸುಣ್ಣ ಕೆಳಗಿಟ್ಟಳು. "ಪುಟ್ಟಿ, ನಂಗೆ ಗಾಳಿ ಬೇಗ ಖಾಲಿಯಾಗುತ್ತೆ. ಮೊದಲೇ ಹೇಳ್ತಿದೀನಿ."

"ಹೂಂ." ಪುಟ್ಟಿ ಗುಂಡಿಯನ್ನು ಬೆರಳಲ್ಲಿ ಅತ್ತಿತ್ತ ಸರಿಸಿದಳು. ಆಮೇಲೆ ತಲೆಯೆತ್ತದೆ ಕೇಳಿದಳು, "ಅತ್ತಿಗೆ, ಅಮ್ಮ ಕೊನೇಲಿ ಇನ್ನೇನಂದ್ಲು? ಏನೂ ಬಿಡದೆ ಹೇಳಿ."

ಎರಡು ವರ್ಷದಿಂದ ಈ ಪ್ರಶ್ನೆಗೆ ಕಾದಿದ್ದಳು ಸೂಜಕ್ಕ. "ನಿನಗೆ ಹೇಳ್ಬೇಡ ಅಂತ ಮಾತು ತಗೊಂಡ್ರಲ್ಲ, ಆಮೇಲೆ ನನ್ನ ಕೈ ಬಿಡದೇನೇ ಅಂದ್ರು. 'ಅವಳು ಬಂದು ನಿನ್ನ ಮೇಲೆ ಕೂಗಾಡ್ತಾಳೆ, ತಡ್ಕೋ. ಕೂಗಾಡಿಬಿಟ್ರೆ ಸರಿಹೋಗ್ತಾಳೆ ನನ್ನ ಮಗಳು' ಅಂತ. ನೀನು ಕೂಗಾಡ್ಲೇ ಇಲ್ವಲ್ಲೇ. ನಾನು ದಿನಾ ಕಾಯ್ತಿದ್ದೆ."

ಪುಟ್ಟಿಯ ಬೆರಳು ಗುಂಡಿಯನ್ನು ಬಿಟ್ಟಿತು. ಮೇಜು ಸುತ್ತಿ ಈಚೆಗೆ ಬಂದು ಅತ್ತಿಗೆಯ ಹೆಗಲಿಗೆ ಮುಖ ಒತ್ತಿದಳು, ಸೂಜಕ್ಕನ ಅಂಗಿ ಒದ್ದೆಯಾಯಿತು. ಮೂಲೆಯಲ್ಲಿ ಚಹಾ ಉಕ್ಕಿ ಹರಿಯುತ್ತಿದ್ದರೂ ದುಭಾಷಿ ಕದಲಲಿಲ್ಲ.

ಆಮೇಲೆ ಪುಟ್ಟಿ ಕಣ್ಣೊರೆಸಿಕೊಂಡು ಸೀಮೆಸುಣ್ಣವನ್ನು ಅತ್ತಿಗೆಯ ಕೈಗೆ ಕೊಟ್ಟಳು. "ನೂರಿಪ್ಪತ್ತಕ್ಕೆ ತಿರುಗೋದು. ಎಲ್ಲಿ, ಜೋರಾಗಿ ಹೇಳಿ."

"ನೂರಿಪ್ಪತ್ತಕ್ಕೆ ತಿರುಗೋದು" ಎಂದಳು ಸೂಜಕ್ಕ, ಎದುರು ಮನೆಯ ಮಹಡಿಗೂ ಕೇಳಿಸುವಷ್ಟು ಜೋರಾಗಿ.