ತುಂಬ ಅಂದ್ರೆ ಎಷ್ಟು ಇಂಚು?

ಮಡಿಕೇರಿಯ ನಮ್ಮ ಆಸ್ಪತ್ರೆಯ ಸರ್ವರ್ ನೋಡಿಕೊಳ್ಳಲು ಬರುತ್ತಿದ್ದವರು ಕಾಫಿ ತೋಟದ ಮನೆಯವರು. ಬೆಳಗೆದ್ದು ಮಳೆಮಾಪಕ ನೋಡಿ, ಎಷ್ಟು ಇಂಚು ಎಂದು ಬರೆದಿಟ್ಟ ಮೇಲೆಯೇ ಕಾಫಿ ಕುಡಿಯುವವರು. ‘ಸ್ವಲ್ಪ’, ‘ತುಂಬ’ ಎಂಬ ಮಾತುಗಳು ಅವರಿಗೆ ಆಗುತ್ತಲೇ ಇರಲಿಲ್ಲ.

ಒಂದು ಮಳೆಗಾಲದಲ್ಲಿ, ಹನ್ನೊಂದು ಗಂಟೆಯಾದರೆ ಸಾಕು, ರೋಗಿಗಳ ದಾಖಲೆ ತೆರೆಯದೆ ಕೌಂಟರಿನ ಸಾಲು ಬಾಗಿಲು ದಾಟತೊಡಗಿತು.

“ಸರ್ವರ್ ತುಂಬ ಸ್ಲೋ ಸಾರ್, ಹೊಸದು ತಗೊಳ್ಳುವ” ಎಂದೆ.

“ತುಂಬ ಅಂದ್ರೆ ಎಷ್ಟು ಇಂಚು?” ಎಂದು ಕನ್ನಡಕವನ್ನು ಹಣೆಗೇರಿಸಿ ಕೂತರು.

ಸರ್ವರಿನ ಡಿಸ್ಕ್ ಒಂದೊಂದು ದಾಖಲೆ ಓದಲು, ಬರೆಯಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆಂದು ಎರಡು ದಿನ ಪುಸ್ತಕದಲ್ಲಿ ಗುರುತು ಹಾಕಿದರು. ಮೂರನೆಯ ದಿನ ಅವರ ಪೆನ್ನು ನಿಂತಿತು. ಸರಿಯಾಗಿ ಹನ್ನೊಂದಕ್ಕೆ, ದಾಖಲೆಗಳನ್ನೆಲ್ಲ ನಕಲು ಮಾಡಿಡುವ ಬ್ಯಾಕಪ್ ಶುರುವಾಗಿ ಡಿಸ್ಕನ್ನೆಲ್ಲ ಹಿಡಿದುಕೊಳ್ಳುತ್ತಿತ್ತು. ಮಳೆಗೆ ರಾತ್ರಿ ಕರೆಂಟ್ ಹೋಗುತ್ತದೆಂದು ಹಿಂದಿನ ವಾರ ಅದನ್ನು ಹಗಲಿಗೆ ತಂದವರು ಅವರೇ.

ಬ್ಯಾಕಪ್ ನಿಲ್ಲಿಸಿದರು. ಸಾಲು ಕರಗಿತು.

“ಯಾರ ತಪ್ಪು ಸಾರ್ ಇದು?” ಕೌಂಟರಿನ ಅಕ್ಕ ಕೇಳಿದರು.

“ನಂದೇ ಅಕ್ಕ.”

“ಎಷ್ಟು ಇಂಚು?”

ಅವರು ಪುಸ್ತಕ ಮುಚ್ಚಿ, ಕನ್ನಡಕ ಕೆಳಗಿಳಿಸಿದರು.

“ಸ್ವಲ್ಪ.”