ಗೌಡನ ಎದುರಿಗೆ ಬರಿಗೊಡ

ನಮ್ಮೂರ ಗೌಡ ಶಕುನ ನೋಡದೆ ಮನೆ ಬಿಟ್ಟವನಲ್ಲ. ದೊಡ್ಡ ಕೆಲಸಕ್ಕೆ ಹೊರಟರೆ ತುಂಬಿದ ಕೊಡ ಹೊತ್ತ ಮುತ್ತೈದೆಯೊಬ್ಬಳು ಎದುರಿಗೆ ಬರಬೇಕು. ತಾನಾಗಿ ಬಂದಂತೆ ಕಾಣಬೇಕು. ಆದರೆ ಹಿಂದಿನ ದಿನವೇ ಹೇಳಿ ಕಳಿಸಿರುತ್ತಿದ್ದ. ಆ ಮುತ್ತೈದೆ ನಾನು. ಮದುವೆಯಾಗಿ ಇಂಡಿ ತಾಲ್ಲೂಕಿನ ಈ ಊರಿಗೆ ಬಂದ ಹೊಸತರಲ್ಲಿ, ಅವನು ಪಂಚಾಯಿತಿ ಚುನಾವಣೆಗೆ ಅರ್ಜಿ ಹಾಕಲು ಹೊರಟಾಗ ನೀರು ತರುತ್ತಾ ನಿಜವಾಗಿಯೂ ಅಕಸ್ಮಾತ್ತಾಗಿ ಎದುರಾಗಿದ್ದೆ. ಗೆದ್ದು ಚೇರ್ಮನ್ ಆದ. ತಾಲ್ಲೂಕು ಬೋರ್ಡಿಗೆ ನಿಂತಾಗ ನನ್ನನ್ನೇ ಕರೆಸಿದ. ಅಲ್ಲಿಯೂ ಗೆದ್ದ, ಅಧ್ಯಕ್ಷನೂ ಆದ. ನನ್ನ ಕಾಲ್ಗುಣದ ಮೇಲೆ ಅವನಿಗೆ ಅಷ್ಟು ನಂಬಿಕೆ.

ಊರಿಗೆ ನಳ ತಂದವನೂ ಅವನೇ, ಇಲ್ಲವೆನ್ನಲಾರೆ. ಆದರೆ ಪೈಪು ನಮ್ಮ ಓಣಿಯ ಬಾಯಿಗೆ ಬಂದು ನಿಂತಿತು. ಸಾಮಾನು ಮುಗಿಯಿತು ಎಂದ. ಆ ಮುಗಿದ ಪೈಪು ಅವನ ಲಿಂಬೆ ತೋಟದಲ್ಲಿ ನೀರು ಹರಿಸುತ್ತಿದ್ದುದನ್ನು ಊರೆಲ್ಲ ನೋಡಿತ್ತು. ನಾವು ಮೊದಲಿನಂತೆ ಬಾವಿಗೇ ಹೋಗುತ್ತಿದ್ದೆವು. ಒಂದು ಬೇಸಿಗೆ ನಮ್ಮತ್ತೆ ಬಾವಿಗೆ ಇಳಿಯುವ ಪಾವಟಿಗೆಯ ಮೆಟ್ಟಿಲ ಮೇಲೆ ಜಾರಿ ಬಿದ್ದರು. ತಾಮ್ರದ ಕೊಡ ಕಲ್ಲಿಗೆ ಬಡಿದು ನೆಗ್ಗಿತು, ಅವರ ಸೊಂಟ ಮುರಿಯಿತು. ತಾಯಿ ಇಲ್ಲದ ನನಗೆ ಅವರೇ ತಾಯಿಯಾಗಿದ್ದರು. ಗೌಡನ ಮನೆಗೆ ಹೋಗಿ ಕೇಳಿದೆ.

"ಗೌಡ್ರ, ನಮ್ಮ ಓಣಿಗೊಂದು ನಳ ಹಾಕಸ್ರಿ. ನಮ್ಮತ್ತಿಯವ್ರಿಗೆ ಎದ್ದು ಕುಂದ್ರಾಕೂ ಆಗವಲ್ದು."

"ಎಮ್ಮೆಲ್ಲೆ ಆದ ಮ್ಯಾಲ ನೋಡೂಣು, ತಂಗಿ. ಆವತ್ತ ಕೊಡಾ ತರೂದು ಮಾತ್ರ ಮರೀಬ್ಯಾಡ," ಎಂದು ನಕ್ಕ.

ಆ ನಗುವನ್ನು ನಾನು ಮರೆಯಲಿಲ್ಲ. ಅತ್ತೆಯನ್ನು ಮಗ್ಗುಲು ಹೊರಳಿಸಿದಾಗ ಅವರು ನರಳಿದಷ್ಟೂ ಅದು ನನ್ನ ಕಿವಿಯಲ್ಲಿ ಮತ್ತೆ ಕೇಳಿಸುತ್ತಿತ್ತು. ಮಳೆಗಾಲಕ್ಕೆ ಮುಂಚೆಯೇ ಅವರು ತೀರಿಕೊಂಡರು.

ವಿಧಾನಸಭೆ ಚುನಾವಣೆ ಬಂತು. ಗೌಡನಿಗೆ ಟಿಕೆಟ್ ಸಿಕ್ಕಿತು. ಜ್ಯೋತಿಷಿ ಅರ್ಜಿ ಹಾಕುವ ಕಡೆಯ ದಿನವನ್ನೇ ಆರಿಸಿಕೊಟ್ಟಿದ್ದ; ಇಂಡಿಯಲ್ಲಿ ಮಧ್ಯಾಹ್ನ ಮೂರರೊಳಗೆ ಕೊಡಬೇಕು. ನನಗೆ ಹೇಳಿಕೆ ಬಂತು. ಹೋದೆ. ಇಳಕಲ್ ಸೀರೆ ಉಟ್ಟು, ಹಣೆ ತುಂಬ ಕುಂಕುಮ ಇಟ್ಟುಕೊಂಡು ಹೋದೆ. ಜೀಪು ಊರಬಾಗಿಲ ಅಗಸಿಗೆ ಬಂದಾಗ ನಡುದಾರಿಯಲ್ಲಿ ನಿಂತು, ತಲೆಯ ಮೇಲಿನ ಕೊಡ ಇಳಿಸಿ ಅವನ ಕಣ್ಣೆದುರೇ ಬೋರಲು ಹಾಕಿದೆ. ಒಂದು ಹನಿ ಬೀಳಲಿಲ್ಲ.

ಗೌಡನ ಮುಖ ಕಪ್ಪಿಟ್ಟಿತು. "ಬರೀ ಕೊಡಾ ತಂದಿಯೇನ ಬೇ!"

"ತುಂಬಾಕ ನಮ್ಮ ಓಣ್ಯಾಗ ನೀರೆಲ್ಲೈತ್ರಿ, ಗೌಡ್ರ?"

ಜೊತೆಗಿದ್ದವರು ಹೋಗೋಣ ಎಂದರು. ಅವನು ಕೇಳಲಿಲ್ಲ. ಇದ್ದ ಒಂದೇ ಜೀಪನ್ನು ಜ್ಯೋತಿಷಿಯನ್ನು ಕರೆತರಲು ಅಗರಖೇಡಕ್ಕೆ ಅಟ್ಟಿ, ತಾನು ಮತ್ತೆ ಸ್ನಾನ ಮಾಡಿ ಹನುಮಪ್ಪನ ಗುಡಿಯಲ್ಲಿ ಕುಳಿತ. ನಾನೂ ಎದುರಿನ ಕಟ್ಟೆಯ ಮೇಲೆ ಕುಳಿತೆ. ಅವನು ಬಿಸಿಲು ನೋಡುವುದನ್ನು, ಬೆವರು ಒರೆಸಿಕೊಳ್ಳುವುದನ್ನು ಕಣ್ತುಂಬ ನೋಡಿದೆ. ಜ್ಯೋತಿಷಿ ಬಂದು, ಬೆರಳು ಮಡಚಿ, ಹೊಸ ಗಳಿಗೆ ಹೇಳುವಷ್ಟರಲ್ಲಿ ಹೊತ್ತು ಇಳಿದಿತ್ತು. ಗೌಡ ಇಂಡಿ ಮುಟ್ಟಿದಾಗ ಕಚೇರಿಯ ಬಾಗಿಲು ಮುಚ್ಚಿತ್ತು. ಕೈಮುಗಿದು ಬೇಡಿಕೊಂಡನಂತೆ. ಯಾರೂ ತೆರೆಯಲಿಲ್ಲವಂತೆ. ಪಕ್ಷ ಮುಂದೆಂದೂ ಅವನ ಕಡೆ ತಿರುಗಿ ನೋಡಲಿಲ್ಲ.

ಅಂದು ನಾನು ಹೊತ್ತಿದ್ದು ಅತ್ತೆಯ ನೆಗ್ಗಿದ ಕೊಡ. ಸುದ್ದಿ ಊರಿಗೆ ಬಂದ ಮೇಲೆ ಅದನ್ನು ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿ, ಅವರು ಮಲಗುತ್ತಿದ್ದ ಜಾಗದಲ್ಲಿ ಇಟ್ಟು, ನಡೆದದ್ದನ್ನೆಲ್ಲ ಗಟ್ಟಿಯಾಗಿ ಹೇಳಿದೆ. ಬಾಗಿಲು ಮುಚ್ಚಿದ್ದನ್ನು ಎರಡು ಸಲ ಹೇಳಿದೆ.