ಡಿಕ್ಕಿಯೊಳಗಿನ ಡಿಕ್ಕಿ

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿರುವ ನನ್ನ ಅಕ್ಕ ಗಿರಿಜಕ್ಕನ ಅಡುಗೆಮನೆಯಲ್ಲಿ ಕೆಲವು ತಿಂಗಳ ಕಾಲ ಮಿಕ್ಸರ್ ಒಂದು ವಿಚಿತ್ರ ಪೀಠದ ಮೇಲೆ ಕೂತಿತ್ತು: ಬೂದು ಬಟ್ಟೆ ಸುತ್ತಿದ, ಮುಂದೆ ದುಂಡನೆಯ ದೊಡ್ಡ ಬಾಯಿ ತೆರೆದುಕೊಂಡ ಪ್ಲೈವುಡ್ ಪೆಟ್ಟಿಗೆ. ಶೇಂಗಾ ಚಟ್ನಿಪುಡಿ ಮಾಡುವಾಗೆಲ್ಲ ಆ ಪೆಟ್ಟಿಗೆ ಮಿಕ್ಸರಿಗಿಂತ ಒಂದು ಸ್ವರ ಕೆಳಗೆ ದುಃಖದಿಂದ ಗೊಣಗುತ್ತಿತ್ತು ಎಂದು ಬರೆಯುವ ಆಸೆ ನನಗೆ. ಆದರೆ ವೈರಿಲ್ಲದ ಸ್ಪೀಕರ್ ಗೊಣಗುವುದಿಲ್ಲ, ಗೊಣಗುವುದು ನೆನಪು. ಆದ್ದರಿಂದ ಗೆಳೆಯರೇ, ಹಿಂದಿನ ವಾಕ್ಯವನ್ನು ನೀವು ಓದಿಲ್ಲ ಎಂದೇ ಇಟ್ಟುಕೊಳ್ಳಿ.

ಅದು ಅಕ್ಕನ ಮಗಳು ಸುಮಾಳ ಬೂಫರ್. ಸಬ್‌ವೂಫರ್ ಎಂಬುದು ಅದರ ಶಾಸ್ತ್ರೀಯ ಹೆಸರು; ನಮ್ಮ ಕಡೆ ಹಾಗೆಂದರೆ ಅಂಗಡಿಯವರೂ ಅರೆಕ್ಷಣ ಯೋಚಿಸುತ್ತಾರೆ. ಹಾಡಿನಲ್ಲಿ ಕಿವಿಗಿಂತ ಮೊದಲು ಎದೆಗೆ ಕೇಳುವ ಆ ದಮ್‌ದಮ್ ಇದೆಯಲ್ಲ, ಅದನ್ನು ಹುಟ್ಟಿಸುವುದು ಬೂಫರ್. ಹನ್ನೆರಡು ಇಂಚಿನ ಸ್ಪೀಕರಿಗೆ ತಾನೇ ಹಲಗೆ ಅಳೆದು, ಕೊಯ್ಸಿ, ಅಂಟು ಹಚ್ಚಿ, ಗಾಳಿ ಸೋರುವ ಸಂದುಗಳನ್ನೆಲ್ಲ ಮುಚ್ಚಿ ಸುಮಾ ಈ ಪೆಟ್ಟಿಗೆ ಕಟ್ಟಿದ್ದಳು. ಮದುವೆಯಾಗಿ ಹರಿಹರಕ್ಕೆ ಹೋದಾಗ ಗಂಡ ವೀರೇಶನ ಕಾರಿನಲ್ಲಿ ಅವನದೇ ಹತ್ತು ಇಂಚಿನದೊಂದು ಮೊದಲೇ ಮನೆ ಮಾಡಿಕೊಂಡಿತ್ತು. ಡಿಕ್ಕಿಯಲ್ಲಿ ಜಾಗವಿಲ್ಲವೆಂದು ಇವಳದು ತವರಿನಲ್ಲೇ ಉಳಿಯಿತು, ನೆತ್ತಿಯ ಮೇಲೆ ಮಿಕ್ಸರ್ ಹೊತ್ತುಕೊಂಡು.

ಡಿಕ್ಕಿ! ಕಾರಿನ ಬೆನ್ನಿಗಿರುವ ಸಾಮಾನಿನ ಗೂಡಿಗೂ, ಎರಡು ಕಾರು ಪರಸ್ಪರ ಗುದ್ದಿಕೊಳ್ಳುವುದಕ್ಕೂ ಒಂದೇ ಪದ ಇಟ್ಟುಕೊಂಡ ನಮ್ಮ ಭಾಷೆಯ ದೂರದೃಷ್ಟಿ ನನಗೆ ಅರ್ಥವಾದದ್ದು ಈ ಪ್ರಕರಣದಲ್ಲಿ. ತನ್ನ ಬೂಫರ್ ಕಾರಿಗೆ ಬರಲೇಬೇಕೆಂದು ಸುಮಾ ಹಟ ಹಿಡಿದಳು. ಗಾತ್ರ ಬೇರೆ, ತೂಕ ಬೇರೆ, ಸ್ವಭಾವ ಬೇರೆ, ಇವು ಜೋಡಿಯಾಗುವುದಿಲ್ಲವೆಂದು ವೀರೇಶ ವಾದಿಸಿದ.

"ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಅಂದಂಗ ಆಗ್ತೈತೆ" ಎಂದ.

"ಅದ್ರಾಗ ಕೋಣ ಯಾರ್ದ್ರಿ?" ಎಂದಳು ಸುಮಾ.

ಹೊಂದದ್ದನ್ನು ಹೊಂದಿಸಿ ನೋಡುವ ಚಪಲ ನನಗೆ ಹುಟ್ಟಿನಿಂದ ಬಂದದ್ದು. ನಡುವೆ ಬಾಯಿ ಹಾಕಿ ಪಂಚಾಯಿತಿ ಮಾಡಿದೆ. ಒಂದು ಭಾನುವಾರ ಎರಡನ್ನೂ ಕೂಡಿಸಿ ನೋಡುವುದು. ಕೂಡಿದರೆ ಕೂಡಿತು, ಇಲ್ಲವಾದರೆ ಸುಮಾಳ ಪೆಟ್ಟಿಗೆ ಕಾಯಂ ಆಗಿ ಮಿಕ್ಸರಿನ ಕೆಳಗೆ. ಅವಳು ಒಪ್ಪಿದಳು, ಆದರೆ ಮುಖ ಚಿಕ್ಕದಾಯಿತು. ಹೆಣ್ಣುಮಗಳ ಸಾಮಾನು ತವರಿಗೆ ವಾಪಸ್ಸು ಬಂದು ಇಳಿದರೆ ಅಕ್ಕಪಕ್ಕದವರು ಅದಕ್ಕೆ ಕೊಡುವ ಅರ್ಥಗಳಲ್ಲಿ ಧ್ವನಿವಿಜ್ಞಾನ ಇರುವುದಿಲ್ಲವಲ್ಲ.

ಬೂಫರಿನ ವೈರುಗಳು ಜೋಡಿಯಾಗಿಯೇ ಬರುತ್ತವೆ: ಕೆಂಪು ಪ್ಲಸ್, ಕಪ್ಪು ಮೈನಸ್. ಅಕ್ಕನ ಶಾಸ್ತ್ರದಲ್ಲಾದರೋ ಹೊಸ ದಂಪತಿಗಳ ಸಾಮಾನಿಗೆ ಕಪ್ಪು ಸಲ್ಲದು. ಸೀರೆಯ ಅಂಚಿನಲ್ಲಿ ಒಂದು ಕರಿ ಎಳೆ ಕಂಡರೂ ಅಂಗಡಿಗೆ ತಿರುಗಿಸಿ ಕೊಟ್ಟವಳು ಅವಳು. ಆ ಭಾನುವಾರ ಅವಳ ಮನೆಯಲ್ಲಿ ನಾವು ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ, ನನ್ನ ಚೀಲದಲ್ಲಿದ್ದ ಕೆಂಪು ಟೇಪು ತೆಗೆದು, ಜೋಡಿಸಲೆಂದು ಬಿಚ್ಚಿಟ್ಟಿದ್ದ ಎರಡೂ ಬೂಫರುಗಳ ಕಪ್ಪು ವೈರುಗಳಿಗೆ ತುದಿಯಿಂದ ತುದಿಯವರೆಗೆ ಒಪ್ಪವಾಗಿ ಸುತ್ತಿಟ್ಟಳು. ಯಾರಿಗೂ ಹೇಳಲಿಲ್ಲ, ಒಳ್ಳೆಯ ಕೆಲಸವನ್ನು ಹೇಳಿಕೊಂಡು ಮಾಡುವವಳಲ್ಲ. ಹಾಗಾದರೆ ಕಾರಿನ ಟೈರು ಕಪ್ಪಲ್ಲವೇ ಎಂದು ಆಮೇಲೆ ಕೇಳಿದ್ದಕ್ಕೆ, "ಅವು ಹೊರಗ ಇರ್ತಾವಲ್ಲೋ" ಎಂದು ನನ್ನ ವಿಜ್ಞಾನಕ್ಕೆ ಬೀಗ ಹಾಕಿದಳು.

ವೀರೇಶ ಬಂದು ಎಲ್ಲವೂ ಕೆಂಪಾಗಿರುವುದನ್ನು ಕಂಡ. ಇದು ಮಾವನಾದ ನನ್ನ ಹೊಸ ಪ್ರಯೋಗವಿರಬೇಕೆಂದು ಗೌರವದಿಂದ ಸುಮ್ಮನಾದ. ಇದು ಹರಿಹರದ ಪದ್ಧತಿಯಿರಬೇಕೆಂದು ನಾನೂ ಸುಮ್ಮನಾದೆ. ಪ್ರಪಂಚದ ಎಷ್ಟೋ ಅನಾಹುತಗಳು ಇಂಥ ಗೌರವದಿಂದಲೇ ಆಗಿವೆ. ಅವನು ಅಂದಾಜಿನಲ್ಲಿ ತಂತಿ ಸೇರಿಸಿದ. ಹರಿಹರದ ದಾರಿ ಹಿಡಿದು, ಕೊಂಡಜ್ಜಿಯ ಕಡೆ ಹೊರಳಿ, ಯಾರಿಗೂ ತೊಂದರೆಯಾಗದ ಕೆರೆಯ ಹತ್ತಿರ ಕಾರು ನಿಲ್ಲಿಸಿದೆವು. ಗಂಡಹೆಂಡತಿ ಮುಂದೆ, ನಾನು ಮತ್ತು ನನ್ನ ಹೆಂಡತಿ ಹಿಂದೆ.

ಹಾಡು ಹಾಕಿದ. ಹಾಡುವವಳ ದನಿ ಬಂತು, ಪಿಟೀಲು ಬಂತು, ದಮ್ ಮಾತ್ರ ಬರಲಿಲ್ಲ. ಗೋಡೆ ಚಾವಣಿ ಎಲ್ಲ ಇದ್ದು ನೆಲವೇ ಇಲ್ಲದ ಮನೆಯಂತಿತ್ತು. ಸುಮಾಳದನ್ನು ಬಿಚ್ಚಿದರೆ ವೀರೇಶನದು ಚೆನ್ನಾಗಿ ಗುದ್ದುತ್ತದೆ. ಅವನದನ್ನು ಬಿಚ್ಚಿದರೆ ಇವಳದು ಗುಡುಗುತ್ತದೆ. ಎರಡನ್ನೂ ಕೂಡಿಸಿದರೆ ಮೌನವ್ರತ. ಒಬ್ಬೊಬ್ಬರೇ ಸಿಕ್ಕಾಗ ಬಾಯ್ತುಂಬ ಮಾತಾಡಿ, ಜೊತೆಗೆ ಸಿಕ್ಕಾಗ ಬಾಯಿ ಬಿಡದ ದಂಪತಿಗಳನ್ನು ನೀವೂ ಕಂಡಿರಬೇಕು. ಒಂದು ಗಾಳಿಯನ್ನು ಮುಂದಕ್ಕೆ ನೂಕುವ ಗಳಿಗೆಯಲ್ಲೇ ಇನ್ನೊಂದು ಹಿಂದಕ್ಕೆ ಎಳೆದುಕೊಂಡರೆ ಇಬ್ಬರ ದುಡಿಮೆಯೂ ಸೊನ್ನೆಯಾಗುತ್ತದೆ. ನೆನಪಿನ ಕತೆಯೂ ಇದೇ ಎಂದು ನನ್ನ ಗುಮಾನಿ. ನಾನೂ ನನ್ನ ಹೆಂಡತಿಯೂ ಒಂದೇ ಘಟನೆಯನ್ನು ಒಟ್ಟಿಗೆ ಹೇಳಲು ಶುರು ಮಾಡಿದರೆ ಕೊನೆಗೆ ಅದು ನಡೆದೇ ಇರಲಿಲ್ಲವೇನೋ ಎನ್ನಿಸುತ್ತದೆ.

ವೀರೇಶ ಡಿಕ್ಕಿ ತೆರೆದ. "ನಾ ಹೇಳಿರ್ಲಿಲ್ವಾ? ಇಳಸ್ತೀನಿ ತಡಿ. ಅತ್ತೆಯವ್ರ ಮಿಕ್ಸರ್ ಕಾಯ್ತಿರ್ತೈತೆ."

ಸುಮಾ ಅವನ ಕೈ ಸರಿಸಿ, ತನ್ನದನ್ನು ತಾನೇ ಬಿಚ್ಚುತ್ತೇನೆಂದು ಬಗ್ಗಿದಳು. ಅವಳ ಬೆನ್ನು ನೋಡಿ ನನ್ನ ಹೆಂಡತಿ ನನ್ನನ್ನು ದುರುಗುಟ್ಟಿ ನೋಡಿದಳು, ಪಂಚಾಯಿತಿ ನನ್ನದಾಗಿತ್ತಲ್ಲ. ಬಿಚ್ಚುವ ಆತುರದಲ್ಲಿ ಸುಮಾಳ ಉಗುರಿಗೆ ಟೇಪಿನ ಅಂಚು ಸಿಕ್ಕಿತು. ಎಳೆದಳು. ಕೆಂಪಿನೊಳಗಿಂದ ಕಪ್ಪು ಇಣುಕಿತು. ಇನ್ನೊಂದನ್ನು ಸುಲಿದಳು. ಒಂದು ಪೆಟ್ಟಿಗೆಯ ಕಪ್ಪು ಮೈನಸ್ಸಿನಲ್ಲಿ, ಇನ್ನೊಂದರ ಕಪ್ಪು ಪ್ಲಸ್ಸಿನಲ್ಲಿ ಕೂತಿತ್ತು.

"ನಮ್ಮವ್ವ ಇದಕ್ಕೂ ಸೀರೆ ಉಡ್ಸ್ಯಾಳ್ರಿ" ಎಂದು ಅಲ್ಲೇ ನೆಲಕ್ಕೆ ಕೂತು ನಗತೊಡಗಿದಳು.

ಒಂದರ ತಂತಿ ಅದಲುಬದಲು ಮಾಡಿದ್ದಷ್ಟೇ, ಡಿಕ್ಕಿಗೆ ಪ್ರಾಣ ಬಂತು. ನಂಬರ್ ಪ್ಲೇಟು ತಾಳ ಹಾಕಿತು. ನನ್ನ ಹೆಂಡತಿಯ ಬಳೆಗಳು ಅವಳ ಒಪ್ಪಿಗೆಯಿಲ್ಲದೆ ಕುಣಿದವು. ಆದರೆ ಎಲ್ಲ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಹನ್ನೆರಡು ಇಂಚಿನದು ನಿಧಾನಿ, ಹತ್ತರದು ಅವಸರಗಾರ. ಒಂದು ಹಾಡಿನ ಒಂದು ಜಾಗದಲ್ಲಿ ಮಾತ್ರ, ಏನು ಮಾಡಿದರೂ, ಎರಡೂ ಒಂದನ್ನೊಂದು ನುಂಗಿ ಮೌನವಾಗುತ್ತಿದ್ದವು. ವೀರೇಶ ಸ್ಟೀರಿಯೋದ ತಿರುಪು ತಿರುವಿದ, ಪೆಟ್ಟಿಗೆ ಆಚೀಚೆ ಸರಿಸಿದ, ಆಮೇಲೆ ಸುಸ್ತಾಗಿ ಡಿಕ್ಕಿ ನೋಡಿದ. ಒಂದು ಕೈಚೀಲಕ್ಕೂ ಜಾಗ ಉಳಿದಿರಲಿಲ್ಲ.

"ಇನ್ಮ್ಯಾಲೆ ಸಂತಿ ಚೀಲ ತೊಡಿ ಮ್ಯಾಲೆ ಇಟ್ಕಂಡು ಕೂಡ್ಬೇಕು ನೋಡು" ಎಂದ. ಅದು ಅವನ ತೀರ್ಪು. ಸುಮಾ ತಲೆಯಾಡಿಸಿ ಡಿಕ್ಕಿಯನ್ನು ತಾನೇ ಮುಚ್ಚಿದಳು.

ಹೊರಟೆವು. ಆ ಹಾಡು, ಆ ಜಾಗ ಬಂತು. ದಮ್ ತಟ್ಟನೆ ಕರಗಿತು. ವೀರೇಶನ ಕೈ ಮತ್ತೆ ತಿರುಪಿನ ಕಡೆ ಹೋಯಿತು.

"ಇದೊಂದು ಹಿಂಗೇ ಇರ್ಲಿ ಬಿಡ್ರಿ" ಎಂದಳು ಸುಮಾ. "ಇಲ್ಲಿ ನಿಮ್ ಮಾತು ಕೇಳ್ತೈತೆ."

ನನಗೆ ಕೇಳಿಸಿದ್ದು ಹೀಗೆ. ಅವಳು ಅಂದದ್ದು "ನನ್ ಮಾತು" ಎಂದು, ನನ್ನ ಪಕ್ಕದಲ್ಲೇ ಕೂತಿದ್ದ ನನ್ನ ಹೆಂಡತಿ ಇವತ್ತಿಗೂ ಆಣೆ ಮಾಡುತ್ತಾಳೆ. ಒಂದು ಅಕ್ಷರದ ವ್ಯತ್ಯಾಸ, ಎರಡು ಬೇರೆ ಸಂಸಾರ. ತೀರ್ಮಾನವಾಗಲೆಂದು ಮೊನ್ನೆ ವೀರೇಶನನ್ನೇ ಕೇಳಿದೆ.

"ಬೂಫರ್ ಹೊಡೀತಿತ್ತಲ್ಲ ಮಾವ, ನಂಗೇನೂ ಕೇಳ್ಲಿಲ್ಲ" ಎಂದ.

ಆ ಜಾಗದಲ್ಲಿ ಬೂಫರ್ ಹೊಡೆಯುವುದಿಲ್ಲವೆಂಬುದು ಅವನಿಗೂ ಗೊತ್ತು, ನನಗೂ ಗೊತ್ತು, ಈಗ ನಿಮಗೂ.